ಕರೆಂಟ್ ಬಂದಾಗ ಮೊದಲು ಏಳಬೇಕಾದ್ದು ಯಾವುದು?

ಪೀಣ್ಯ ಎರಡನೇ ಹಂತದಲ್ಲಿ ಮೂರು ಸಿಎನ್‌ಸಿ ಲೇತ್, ಒಂದು ವಿಎಂಸಿ ಮಿಲ್ಲಿಂಗ್ ಮೆಷಿನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರೊಬ್ಬರು. ರಾಜಾಜಿನಗರದ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಕಲಿತು, ಬೇರೆಯವರ ಶೆಡ್ಡುಗಳಲ್ಲಿ ದುಡಿದು, ಆಮೇಲೆ ಸ್ವಂತದ್ದು ಮಾಡಿಕೊಂಡವರು. ಅವರ ಅಕ್ಕನ ಮಗಳು ವೈಟ್‌ಫೀಲ್ಡ್‌ನ ಕಂಪನಿಯೊಂದರಲ್ಲಿ ಸರ್ವರ್ ಮತ್ತು ಸ್ಟೋರೇಜ್ ನೋಡಿಕೊಳ್ಳುತ್ತಾಳೆ. ಶೆಡ್ಡಿನ ಕಂಪ್ಯೂಟರ್‌ಗಳು ಆನ್ ಮಾಡಿದ ಕೂಡಲೇ ಸ್ಟೋರೇಜ್‌ಗೆ ತಾವಾಗಿ ಸೇರಿಕೊಳ್ಳುವ ಹಾಗೆ ಮಾಡಿಕೊಡು ಎಂದು ಅವರು ಕೇಳಿದ್ದರಿಂದ ಈ ಮಾತು ಶುರುವಾಯಿತು.

— ಕೆಲಸ ಇಷ್ಟೇ ಕಣಮ್ಮ. ಪ್ರೋಗ್ರಾಂ, ಡ್ರಾಯಿಂಗ್, ಇನ್ಸ್‌ಪೆಕ್ಷನ್ ರಿಪೋರ್ಟ್ ಎಲ್ಲಾ ಕ್ಯಾಬಿನ್ ಒಳಗಿರೋ ಸ್ಟೋರೇಜ್ ಡಬ್ಬದಲ್ಲಿದೆ. ಫ್ಲೋರ್‌ನಲ್ಲಿರೋ ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಝಡ್ ಡ್ರೈವ್ ಬಂದಿರಬೇಕು. ಕೆಲವು ದಿನ ಬರುತ್ತೆ. ಕೆಲವು ದಿನ ಕೆಂಪು ಕ್ರಾಸ್ ಇರುತ್ತೆ, ಮೂಲೇಲಿ ‘ಎಲ್ಲ ನೆಟ್‌ವರ್ಕ್ ಡ್ರೈವ್‌ಗಳನ್ನು ಮತ್ತೆ ಜೋಡಿಸಲು ಆಗಲಿಲ್ಲ’ ಅಂತ ಒಂದು ಚೀಟಿ ಬಂದು ಹೋಗುತ್ತೆ. ಹುಡುಗರು ಕ್ಲಿಕ್ ಮಾಡಿದ್ರೆ ಒಂದೊಂದು ಸಲ ತೆಗೆದುಕೊಳ್ಳುತ್ತೆ, ಒಂದೊಂದು ಸಲ ಪಾಸ್‌ವರ್ಡ್ ಕೇಳುತ್ತೆ.

— ಲಾಗಿನ್ ಆದಾಗ ಮತ್ತೆ ಜೋಡಿಸು ಅನ್ನೋ ಚೌಕಕ್ಕೆ ಟಿಕ್ ಹಾಕಿದ್ದೀರ ತಾನೆ ಮಾವ?

— ಡಬ್ಬ ಮಾರಿದ ಹುಡುಗನೇ ಹಾಕಿ ಹೋಗಿದ್ದಾನೆ.

— ಬರದೇ ಇರೋದು ಯಾವತ್ತು?

— ಭಾನುವಾರ ಮೇನ್ ಆಫ್ ಮಾಡಿರ್ತೀವಲ್ಲ, ಸೋಮವಾರ ಬೆಳಗ್ಗೆ ಬರಲ್ಲ. ಮಧ್ಯೆ ಕರೆಂಟ್ ಹೋಗಿ ಡಿಜಿ ಜನರೇಟರ್ ಶುರುವಾದ್ರೆ ಆಗಲೂ ಬರಲ್ಲ. ನನಗೆ ಅರ್ಥವಾಗದೇ ಇರೋದು ಒಂದೇ. ಮೊದಲು ಈ ಕಾಟ ಇರಲೇ ಇಲ್ಲ. ಕಂಪ್ಯೂಟರ್‌ಗಳಿಗೆ ಎಸ್‌ಎಸ್‌ಡಿ ಹಾಕಿಸಿದ ಮೇಲೆ ಶುರುವಾಗಿದ್ದು.

— ಉತ್ತರ ಅಲ್ಲೇ ಇದೆ. ಹಳೇ ಹಾರ್ಡ್ ಡಿಸ್ಕ್ ಇದ್ದಾಗ ಕಂಪ್ಯೂಟರ್ ಏಳೋಕೆ ಎರಡು ಮೂರು ನಿಮಿಷ ಬೇಕಾಗ್ತಿತ್ತು, ಅಷ್ಟರಲ್ಲಿ ಡಬ್ಬನೂ ಎದ್ದಿರ್ತಿತ್ತು. ಈಗ ಕಂಪ್ಯೂಟರ್ ಅರ್ಧ ನಿಮಿಷದೊಳಗೆ ಡೆಸ್ಕ್‌ಟಾಪ್ ತೋರಿಸಿಬಿಡುತ್ತೆ. ಡಬ್ಬದ ವೇಗ ಮಾತ್ರ ಹಿಂದಿನದೇ. ಅದರ ಡಿಸ್ಕ್‌ಗಳು ತಿರುಗಬೇಕು, ಎರಡರಲ್ಲೂ ಒಂದೇ ಮಾಹಿತಿ ಇದೆಯಾ ಅಂತ ನೋಡ್ಕೋಬೇಕು, ಕರೆಂಟ್ ಥಟ್ಟನೆ ಹೋಗಿದ್ರೆ ಫೈಲ್ ಸಿಸ್ಟಂ ಪರೀಕ್ಷೆ ಮಾಡ್ಕೋಬೇಕು, ಕೊನೆಗೆ ಫೋಲ್ಡರ್ ಹಂಚೋ ಸರ್ವಿಸ್ ಶುರುವಾಗಬೇಕು. ಮನೆಯವರು ಏಳೋಕೆ ಮುಂಚೆ ಬಂದು ಬಾಗಿಲು ತಟ್ಟಿ, ಯಾರೂ ಇಲ್ಲ ಅಂದ್ಕೊಂಡು ವಾಪಸ್ ಹೋದ ನೆಂಟರ ಹಾಗೆ, ನಿಮ್ಮ ಕಂಪ್ಯೂಟರ್ ಒಂದು ಸಲ ಕೇಳಿ ಸುಮ್ಮನಾಗುತ್ತೆ.

— ಸ್ವಲ್ಪ ಕಾಯೋಕೇನು ಅದಕ್ಕೆ?

— ವಿಂಡೋಸ್ ಬೇಗ ಎದ್ದ ಹಾಗೆ ಕಾಣಲಿ ಅಂತ ನೆಟ್‌ವರ್ಕ್‌ಗೆ ಕಾಯದೆ ಲಾಗಿನ್ ಮಾಡಿಸುತ್ತೆ. ಪ್ರೊ ಆವೃತ್ತಿಯ ಗ್ರೂಪ್ ಪಾಲಿಸಿಯೊಳಗೆ, ಶುರುವಾಗುವಾಗ ನೆಟ್‌ವರ್ಕ್‌ಗೆ ಕಾದೇ ಮುಂದುವರಿ ಅನ್ನೋ ಒಂದು ಸೆಟ್ಟಿಂಗ್ ಇದೆ. ಆನ್ ಮಾಡ್ತೀನಿ. ಅದರಿಂದ ಅರ್ಧ ಉಪಯೋಗ ಆಗುತ್ತೆ. ಯಾಕಂದ್ರೆ ಅದು ಕಾಯೋದು ನೆಟ್‌ವರ್ಕ್‌ಗೆ. ಕೇಬಲ್‌ನಲ್ಲಿ ಜೀವ ಬಂತು, ಅಡ್ರೆಸ್ ಸಿಕ್ತು ಅಂದ್ರೆ ಅದರ ಲೆಕ್ಕದಲ್ಲಿ ಎಲ್ಲಾ ಬಂದ ಹಾಗೆ. ಆ ಕಡೆ ಡಬ್ಬ ಎದ್ದಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ನಮ್ಮ ಆಫೀಸಿನಲ್ಲಿರೋ ಥರದ ದೊಡ್ಡ ಸ್ವಿಚ್ ಇದ್ರೆ ಇನ್ನೊಂದು ತೊಡಕು. ಪೋರ್ಟಿನ ದೀಪ ಹತ್ತಿರುತ್ತೆ, ಆದ್ರೆ ನೆಟ್‌ವರ್ಕ್‌ನಲ್ಲಿ ಎಲ್ಲೂ ಸುತ್ತು ಬಿದ್ದಿಲ್ಲ ಅಂತ ಖಾತ್ರಿ ಆಗೋವರೆಗೆ, 15 ಸೆಕೆಂಡ್ ಆಲಿಸ್ತಾ ಇನ್ನು 15 ಸೆಕೆಂಡ್ ಕಲೀತಾ, ಅದು ಏನನ್ನೂ ದಾಟಿಸಲ್ಲ. ಎಸ್‌ಎಸ್‌ಡಿ ಇರೋ ಕಂಪ್ಯೂಟರ್‌ಗೆ 30 ಸೆಕೆಂಡ್ ಅಂದ್ರೆ ಬಹಳ ಕಾಲ.

— ಪಕ್ಕದ ಶೆಡ್‌ನವರು ಒಂದು ಬ್ಯಾಚ್ ಫೈಲ್ ಬರೆಸಿದ್ದಾರೆ. ಎರಡು ನಿಮಿಷ ಸುಮ್ಮನಿದ್ದು ಆಮೇಲೆ ಜೋಡಿಸುತ್ತೆ. ನಮಗೂ ಅಷ್ಟು ಸಾಕು ಅನ್ಸುತ್ತೆ.

— ಮಾಡಬಹುದು. ಆದ್ರೆ ಅದನ್ನ ಯಾವಾಗ ಓಡಿಸ್ತೀರಿ ಅನ್ನೋದು ಮುಖ್ಯ. ‘ಕಂಪ್ಯೂಟರ್ ಶುರುವಾದಾಗ’ ಅಂತ ಇಟ್ಟು ಸಿಸ್ಟಂ ಹೆಸರಲ್ಲಿ ಓಡಿಸಿದ್ರೆ ಝಡ್ ಡ್ರೈವ್ ಹುಟ್ಟುತ್ತೆ, ಆಪರೇಟರ್ ಕಣ್ಣಿಗೆ ಮಾತ್ರ ಬೀಳಲ್ಲ. ವಿಂಡೋಸ್‌ನಲ್ಲಿ ಈ ಡ್ರೈವ್ ಅಕ್ಷರ ಲಾಗಿನ್ ಆದವರ ಸೆಷನ್‌ಗೆ ಅಂಟಿಕೊಂಡಿರುತ್ತೆ, ಇಡೀ ಕಂಪ್ಯೂಟರ್‌ಗೆ ಸೇರಿರಲ್ಲ. ಒಬ್ಬನೇ ಮನುಷ್ಯ ಒಂದು ಸಾಫ್ಟ್‌ವೇರನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೂ ಸಾಕು, ಅದರೊಳಗೆ ಝಡ್ ಕಾಣಲ್ಲ.

— ತಡಿ ತಡಿ. ಮೆಷಿನ್‌ಗೆ ಪ್ರೋಗ್ರಾಂ ಕಳಿಸೋ ನಮ್ಮ ಡಿಎನ್‌ಸಿ ಸಾಫ್ಟ್‌ವೇರ್ ಹಾಗೇ ಆಡೋದು. ಎಕ್ಸ್‌ಪ್ಲೋರರ್‌ನಲ್ಲಿ ಝಡ್ ಇದೆ, ಅದರೊಳಗೆ ಬ್ರೌಸ್ ಮಾಡಿದ್ರೆ ಇಲ್ಲ. ವೈರಸ್ ಅಂತ ಫಾರ್ಮ್ಯಾಟ್ ಬೇರೆ ಮಾಡಿಸಿದೆ.

— ವೈರಸ್ ಏನೂ ಇಲ್ಲ. ಅದಕ್ಕೆ ಝಡ್ ಅನ್ನೋದನ್ನೇ ಬಿಟ್ಟು ಪೂರ್ತಿ ವಿಳಾಸ ಕೊಡೋಣ. ಎರಡು ಬ್ಯಾಕ್‌ಸ್ಲ್ಯಾಶ್, ಡಬ್ಬದ ಹೆಸರು, ಇನ್ನೊಂದು ಬ್ಯಾಕ್‌ಸ್ಲ್ಯಾಶ್, ಫೋಲ್ಡರ್ ಹೆಸರು. ಆ ವಿಳಾಸಕ್ಕೆ ಮೊದಲೇ ಜೋಡಿಸಿ ಇಟ್ಟಿರಬೇಕು ಅಂತ ಇಲ್ಲ. ಕೇಳಿದ ಕ್ಷಣಕ್ಕೆ ಹೋಗಿ ಹುಡುಕುತ್ತೆ. ಹೆಸರು, ಪಾಸ್‌ವರ್ಡ್ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಒಂದು ಸಲ ಇಟ್ಟರೆ ಮತ್ತೆ ಕೇಳಲ್ಲ. ಇದೆಲ್ಲಾ ಅರ್ಧ ಗಂಟೆ ಕೆಲಸ ಮಾವ. ನಾನು ಕೇಳಬೇಕು ಅಂದ್ಕೊಂಡಿರೋದು ಬೇರೆ. ಝಡ್ ಬರದೇ ಇದ್ದ ದಿನ ಹುಡುಗರು ಏನು ಮಾಡ್ತಾರೆ?

— ಕೆಲಸ ನಿಲ್ಲಿಸೋಕಾಗುತ್ತೇನಮ್ಮ? ಡಿ ಡ್ರೈವ್‌ನಲ್ಲಿ ಒಂದು ಕಾಪಿ ಇಟ್ಕೊಂಡಿದ್ದಾರೆ. ಅಲ್ಲಿಂದ ಲೋಡ್ ಮಾಡ್ತಾರೆ.

— ಡಿ ಡ್ರೈವ್ ತೆಗೀತೀನಿ. ‘ಸಿಎನ್‌ಸಿ’, ‘ಸಿಎನ್‌ಸಿ ನ್ಯೂ’, ‘ಫೈನಲ್’, ‘ಫೈನಲ್ 2’, ‘ನೈಟ್ ಶಿಫ್ಟ್’, ‘ಪೆನ್‌ಡ್ರೈವ್ ಬ್ಯಾಕಪ್’. ಒಂದೇ ಪ್ರೋಗ್ರಾಂ ನಂಬರ್ ನಾಲ್ಕು ಕಡೆ ಇದೆ, ನಾಲ್ಕರ ತಾರೀಖೂ ಬೇರೆ, ಸೈಜೂ ಬೇರೆ. ಇದರಲ್ಲಿ ಯಾವುದು ನಿಜವಾದ್ದು?

— ಡಬ್ಬದಲ್ಲಿರೋದು.

— ಅದು ನಿಮಗೆ ಗೊತ್ತು. ರಾತ್ರಿ ಎರಡು ಗಂಟೆಗೆ ಮೆಷಿನ್ ಮುಂದೆ ನಿಂತವನಿಗೆ?

— ಇದೇ ಆಗಿದ್ದು ಕಣಮ್ಮ. ಒಂದು ಬುಶ್ ಮಾಡ್ತೀವಿ, ಒಳಗಿನ ಬೋರ್ 25 ಮಿಲಿಮೀಟರ್. ರೆವ್ ಬಿ ಡ್ರಾಯಿಂಗ್‌ನಲ್ಲಿ ಎಫ್7 ಇತ್ತು. ಅಂದ್ರೆ ಬೋರ್ 25.020ಯಿಂದ 25.041ರ ಒಳಗೆ ಬರಬೇಕು. ಕಸ್ಟಮರ್ ರೆವ್ ಸಿ ಕಳಿಸಿ ಅದನ್ನ ಎಚ್7 ಮಾಡಿದ್ರು. ಆಗ 25.000ದಿಂದ 25.021. ಪ್ರೋಗ್ರಾಮರ್ ಸರಿಯಾಗಿ ತಿದ್ದಿ ಡಬ್ಬಕ್ಕೆ ಹಾಕಿದ್ದ. ಅವತ್ತು ರಾತ್ರಿ ಶಿಫ್ಟಿನಲ್ಲಿ ಈ ಜಾಬ್‌ಗೆ ಸೆಟ್ಟಿಂಗ್ ಬದಲಾಯಿಸೋದಿತ್ತು. ಸಂಜೆ ಕರೆಂಟ್ ಹೋಗಿ ಬಂದು ಝಡ್ ಹೋಗಿತ್ತು. ಹುಡುಗ ಡಿ ಡ್ರೈವ್‌ನಿಂದ ರೆವ್ ಬಿ ಪ್ರೋಗ್ರಾಂ ಹಾಕಿದ, ಡ್ರಾಯರ್‌ನಲ್ಲಿದ್ದ ಹಳೇ ಪ್ಲಗ್ ಗೇಜ್ ಹಾಕಿ ನೋಡಿದ, ಅದಕ್ಕೆ ಸರಿಯಾಗಿತ್ತು. ಬೆಳಗ್ಗೆ ಇನ್ಸ್‌ಪೆಕ್ಷನ್‌ನವನು ಎಚ್7 ಗೇಜ್ ತಂದ. ನೋ-ಗೋ ಕಡೆ ಹೋಗಬಾರದು ನೋಡು, ಅದು ಸಲೀಸಾಗಿ ಜಾರಿ ಒಳಗೆ ಹೋಯ್ತು. ಇನ್ನೊಂದು ತೆಗೆದ, ಅದರಲ್ಲೂ ಹೋಯ್ತು. ಬೋರ್ 25.030 ಇತ್ತು. ಕಡಿಮೆ ಇದ್ದಿದ್ರೆ ಇನ್ನೊಂದು ಪಾಸ್ ಹೊಡೆದು ಸರಿ ಮಾಡ್ಕೋಬಹುದಿತ್ತು. ಒಂಬತ್ತು ಮೈಕ್ರಾನ್ ಜಾಸ್ತಿ ತೆಗೆದುಬಿಟ್ಟರೆ ಯಾರು ತುಂಬೋಕಾಗುತ್ತೆ? ಒಂದು ಟ್ರೇ ಪೂರ್ತಿ ಸ್ಕ್ರ್ಯಾಪ್‌ಗೆ ಹೋಯ್ತು.

— ಹುಡುಗನಿಗೆ ಏನಂದ್ರಿ?

— ಚೆನ್ನಾಗಿ ಬೈದೆ.

— ಮಾವ, ಅವನು ಮಾಡಿದ್ದರಲ್ಲಿ ತಪ್ಪು ಎಲ್ಲಿದೆ ಹೇಳಿ. ಅವನ ಮುಂದಿದ್ದ ಫೈಲ್‌ಗೆ ಸರಿಯಾದ ನಂಬರ್ ಇತ್ತು, ಅವನ ಕೈಯಲ್ಲಿದ್ದ ಗೇಜ್‌ಗೆ ಜಾಬ್ ಸರಿ ಬಂತು. ಇದು ಹಳೇದು ಅಂತ ಅವನಿಗೆ ಹೇಳಬೇಕಾಗಿದ್ದ ಒಂದೇ ಒಂದು ಜಾಗ ಆ ಝಡ್ ಡ್ರೈವ್. ಅದು ಬರಲಿಲ್ಲ. ನೀವೇ ಹೇಳಿ, ಐಎಸ್‌ಓ 9001 ಆಡಿಟ್‌ಗೆ ಬಂದವರು ಫ್ಲೋರ್‌ನಲ್ಲಿ ಏನು ನೋಡ್ತಾರೆ?

— ಹಳೇ ಡ್ರಾಯಿಂಗ್ ಎಲ್ಲಾದ್ರೂ ಉಳಿದಿದೆಯಾ ಅಂತ ಹುಡುಕ್ತಾರೆ. ಡ್ರಾಯಿಂಗ್ ಮೇಲೆ ‘ಕಂಟ್ರೋಲ್ಡ್ ಕಾಪಿ’ ಸೀಲ್ ಇರಬೇಕು. ಹೊಸ ರೆವಿಷನ್ ಕೊಡೋ ಮುಂಚೆ ಹಳೇದನ್ನ ವಾಪಸ್ ತಗೊಂಡು ‘ಆಬ್ಸಲೀಟ್’ ಅಂತ ಸೀಲ್ ಹೊಡೀಬೇಕು. ಒಂದು ಹಳೇ ಹಾಳೆ ಸಿಕ್ಕಿದ್ರೂ ಎನ್‌ಸಿ, ಅಂದ್ರೆ ಲೋಪ ಅಂತ, ಬರೀತಾರೆ. ಪೇಪರ್‌ನಲ್ಲಿ ನಾವು ಅದನ್ನ ಕಟ್ಟುನಿಟ್ಟಾಗಿ ಮಾಡ್ತೀವಿ. ಡಿ ಡ್ರೈವ್ ಯಾರೂ ತೆಗೆದು ನೋಡಿಲ್ಲ, ನಾನೂ ಅದನ್ನ ಹಾಗೆ ಯೋಚನೆ ಮಾಡಿರಲಿಲ್ಲ.

— ಡಬ್ಬದಲ್ಲಿರೋದು ನಿಮ್ಮ ಕಂಟ್ರೋಲ್ಡ್ ಕಾಪಿ. ಕಂಪ್ಯೂಟರ್ ಬೆಳಗ್ಗೆ ಅದಕ್ಕೆ ಸೇರಿಕೊಳ್ಳೋದು ಅಂದ್ರೆ ಆ ಸೀಲ್ ಬಿದ್ದ ಹಾಗೆ. ಎರಡು ಕ್ಲಿಕ್ ಉಳಿಸೋಕೆ ಅಂತ ಜನ ಇದನ್ನ ಮಾಡಿಸ್ತಾರೆ, ನನಗೆ ಆ ಎರಡು ಕ್ಲಿಕ್ ಲೆಕ್ಕಕ್ಕೇ ಇಲ್ಲ. ಸೇರಿಕೊಳ್ಳದೇ ಇದ್ದಾಗ ಕಂಪ್ಯೂಟರ್ ಏನೂ ಆಗದವರ ಥರ ನಡ್ಕೊಳ್ಳುತ್ತಲ್ಲ, ಅದೇ ನನಗೆ ಭಯ. ನಾನು ಕೆಲಸ ಮಾಡಿದ ಒಂದು ಕಡೆ ಲಿನಕ್ಸ್ ಸರ್ವರ್ ಇತ್ತು. ಪ್ರತಿ ರಾತ್ರಿ ಬ್ಯಾಕಪ್ ಸ್ಕ್ರಿಪ್ಟ್ ‘ಬ್ಯಾಕಪ್’ ಅನ್ನೋ ಫೋಲ್ಡರ್‌ಗೆ ಬರೀತಿತ್ತು. ಆ ಫೋಲ್ಡರ್ ಮೇಲೆ ದೂರದ ಸ್ಟೋರೇಜ್ ಮೌಂಟ್ ಆಗಿರ್ತಿತ್ತು. ಒಂದು ಸಲ ಸರ್ವರ್ ರೀಸ್ಟಾರ್ಟ್ ಆಯ್ತು, ಸ್ಟೋರೇಜ್ ಸಿಗಲಿಲ್ಲ, ಮೌಂಟ್ ಆಗಲಿಲ್ಲ. ಆದ್ರೆ ಖಾಲಿ ಫೋಲ್ಡರ್ ಅಲ್ಲೇ ಇತ್ತಲ್ಲ? ಸ್ಕ್ರಿಪ್ಟ್ ಅದರೊಳಗೇ ಬರೀತಾ ಹೋಯ್ತು. ಅಂದ್ರೆ ಯಾವ ಡಿಸ್ಕ್ ಕೆಟ್ಟರೆ ಬೇಕು ಅಂತ ಬ್ಯಾಕಪ್ ತಗೋತಿದ್ವೋ ಅದೇ ಡಿಸ್ಕ್ ಮೇಲೆ. ಲಾಗ್‌ನಲ್ಲಿ ದಿನಾ ‘ಯಶಸ್ವಿ’ ಅಂತ ಬರ್ತಿತ್ತು. ಡಿಸ್ಕ್ ತುಂಬಿ ಸರ್ವರ್ ನಿಂತಾಗಲೇ ಗೊತ್ತಾಗಿದ್ದು.

— ಆಮೇಲೆ ಸ್ಟೋರೇಜ್ ಜೋಡಿಸಿದ್ರಾ?

— ಜೋಡಿಸಿದ ಕೂಡಲೇ ಅಷ್ಟೂ ಫೈಲ್ ಮಾಯ. ಮೌಂಟ್ ಆದದ್ದು ಮೇಲೆ ಕೂತ್ಕೊಳ್ಳುತ್ತೆ, ಕೆಳಗಿದ್ದದ್ದು ಕಣ್ಣಿಗೆ ಬೀಳಲ್ಲ, ಡಿಸ್ಕ್‌ನ ಜಾಗ ಮಾತ್ರ ತಿಂತಾನೇ ಇರುತ್ತೆ. ಮೌಂಟ್ ತೆಗೆದು ನೋಡೋವರೆಗೆ ಜಾಗ ಎಲ್ಲಿಗೆ ಹೋಯ್ತು ಅಂತ ಯಾರಿಗೂ ಹೊಳೆಯಲಿಲ್ಲ.

— ಅಷ್ಟು ದೊಡ್ಡ ಕಂಪನಿಯಲ್ಲೂ ಹೀಗೆ ಆಗುತ್ತಾ?

— ಇದು ಹುಟ್ಟಿನಿಂದ ಬಂದ ತೊಂದರೆ ಮಾವ. ಯೂನಿಕ್ಸ್ ಕಂಪ್ಯೂಟರ್‌ಗಳಿಗೆ ದೂರದ ಡಿಸ್ಕನ್ನ ತಮ್ಮದೇ ಅನ್ನೋ ಹಾಗೆ ತೋರಿಸೋ ಎನ್‌ಎಫ್‌ಎಸ್ ಅನ್ನೋದನ್ನ ಅಮೆರಿಕದ ಸನ್ ಕಂಪನಿ 1984ರಲ್ಲಿ ಮಾಡಿತು. ಅದಾಗಿ ಮೂರು ವರ್ಷಕ್ಕೆ, 1987ರಲ್ಲಿ, ಲೆಸ್ಲಿ ಲ್ಯಾಂಪೋರ್ಟ್ ಅನ್ನೋ ವಿಜ್ಞಾನಿ ಸಹೋದ್ಯೋಗಿಗಳಿಗೆ ಬರೆದ ಒಂದು ಸಂದೇಶದಲ್ಲಿ ಇದರ ಸಂಕಟ ಹೇಳಿಬಿಟ್ಟಿದ್ದಾರೆ. ಎಲ್ಲೋ ಒಂದು ಕಂಪ್ಯೂಟರ್ ಇದೆ ಅಂತಲೇ ನಿಮಗೆ ಗೊತ್ತಿರಲ್ಲ, ಅದು ಕೆಟ್ಟರೆ ನಿಮ್ಮ ಮುಂದಿರೋದು ಕೆಲಸಕ್ಕೆ ಬಾರದ ಹಾಗಾಗುತ್ತೆ, ಹಂಚಿಹೋದ ವ್ಯವಸ್ಥೆ ಅಂದ್ರೆ ಇದೇ ಅನ್ನೋ ಅರ್ಥದಲ್ಲಿ. ಈ ಪೀಣ್ಯದ ಒಂದೊಂದು ಶೆಡ್ಡೂ ಈಗ ಅಂಥ ವ್ಯವಸ್ಥೆಯೇ.

— ನಾವು ಕೆಲಸ ಕಲಿಯುವಾಗ ಇದೆಲ್ಲಾ ಇರಲಿಲ್ಲ. ಕಂಟ್ರೋಲರ್ ಮೆಮೊರೀಲಿ ಪ್ರೋಗ್ರಾಂ, ಸೆಟ್ಟರ್ ಜೇಬಿನಲ್ಲಿ ಒಂದು ನೋಟ್‌ಬುಕ್. ಫ್ಯಾನಕ್‌ನವರು ಮೆಮೊರಿಯನ್ನ ಮೀಟರ್‌ನಲ್ಲಿ ಹೇಳ್ತಿದ್ದರು ಗೊತ್ತಾ? ಪೇಪರ್ ಟೇಪ್ ಕಾಲದ ಲೆಕ್ಕ. 640 ಮೀಟರ್ ಟೇಪಿನಷ್ಟು ಅಂದ್ರೆ 256 ಕೆಬಿ. ಅದರಲ್ಲಿ ಎಷ್ಟು ಹಿಡಿಯುತ್ತೋ ಅಷ್ಟೇ. ವಿಎಂಸಿಗೆ ಡೈ ಪ್ರೋಗ್ರಾಂ ಬಂದ ಮೇಲೆ ಕಂಪ್ಯೂಟರ್‌ನಿಂದಲೇ ಕಳಿಸಬೇಕಾಯ್ತು. ಆರ್‌ಎಸ್-232 ಕೇಬಲ್ ಎಳೆದ್ವಿ, ಆಮೇಲೆ ಸಿಎಫ್ ಕಾರ್ಡ್, ಪೆನ್‌ಡ್ರೈವ್, ಈಗ ಈ ಡಬ್ಬ. ಆದ್ರೆ ಒಂದು ಮಾತು ಹೇಳ್ತೀನಿ, ಸಿಟ್ಟಾಗಬೇಡ. ಡಿ ಡ್ರೈವ್ ಅಳಿಸಿಹಾಕಿದೆ ಅಂತ ಇಟ್ಕೋ. ರಾತ್ರಿ ಡಬ್ಬ ಕೈ ಕೊಟ್ಟರೆ ನಾಲ್ಕು ಮೆಷಿನ್ ನಿಲ್ಲುತ್ತೆ. ಮೆಷಿನ್ ಗಂಟೆಗಿಷ್ಟು ಅಂತ ದುಡೀಬೇಕು, ಬ್ಯಾಂಕಿನವರು ಇಎಂಐಗೆ ಕಾಯಲ್ಲ. ನಿನ್ನ ಆಫೀಸಿನಲ್ಲಿ ಸರ್ವರ್ ನಿಂತರೆ ಎಲ್ಲರೂ ಕಾಫಿಗೆ ಹೋಗ್ತೀರಿ. ಇಲ್ಲಿ ಹಾಗಾಗಲ್ಲ.

— ಸಿಟ್ಟು ಯಾಕೆ ಮಾವ, ನೀವು ಹೇಳ್ತಿರೋದು ನಿಜ. ಸ್ಟೋರೇಜ್ ಕೆಲಸದಲ್ಲಿ ಬಗೆಹರಿಯದ ಜಗಳವೇ ಇದು. ಎನ್‌ಎಫ್‌ಎಸ್‌ನಲ್ಲಿ ‘ಹಾರ್ಡ್’ ಮತ್ತು ‘ಸಾಫ್ಟ್’ ಅಂತ ಎರಡು ಥರ ಜೋಡಿಸಬಹುದು. ಹಾರ್ಡ್ ಅಂದ್ರೆ ಆ ಕಡೆಯಿಂದ ಉತ್ತರ ಬರೋವರೆಗೆ ಪ್ರೋಗ್ರಾಂ ಅಲ್ಲಾಡದೆ ಕಾಯುತ್ತೆ, ಇಡೀ ರಾತ್ರಿ ಆದ್ರೂ ಸರಿ. ಸಾಫ್ಟ್ ಅಂದ್ರೆ ಒಂದಷ್ಟು ಹೊತ್ತು ನೋಡಿ ‘ಆಗಲಿಲ್ಲ’ ಅಂತ ಹೇಳಿಬಿಡುತ್ತೆ. ಕೇಳೋಕೆ ಸಾಫ್ಟ್ ಒಳ್ಳೇದು ಅನ್ಸುತ್ತೆ. ಆದ್ರೆ ಫೈಲ್ ಅರ್ಧ ಬರೆದಿದ್ದಾಗ ಹಾಗೆ ಕೈ ಬಿಟ್ಟರೆ, ಆ ‘ಆಗಲಿಲ್ಲ’ ಅನ್ನೋದನ್ನ ಸಾಫ್ಟ್‌ವೇರ್ ಗಮನಿಸದೇ ಇದ್ದರೆ, ಅರ್ಧ ಫೈಲೇ ಪೂರ್ತಿ ಅನ್ನೋ ಹಾಗೆ ಉಳಿದುಬಿಡುತ್ತೆ. ಅದಕ್ಕೇ ಬೇರೆ ಏನೂ ಹೇಳದಿದ್ರೆ ಹಾರ್ಡ್ ಅಂತಲೇ ಇಟ್ಟಿದ್ದಾರೆ. ನಿಂತರೂ ಪರವಾಗಿಲ್ಲ, ಸುಳ್ಳಾಗಬಾರದು ಅಂತ.

— ನನ್ನ ಮೆಷಿನ್?

— ಮೆಷಿನ್‌ಗೆ ಲೋಕಲ್ ಕಾಪಿ ಕೊಡೋಣ. ಆದ್ರೆ ಹುಡುಗರು ಕೈಯಿಂದ ಮಾಡಿದ್ದಲ್ಲ. ಡಬ್ಬದಲ್ಲಿ ಬಿಡುಗಡೆಯಾದ ಪ್ರೋಗ್ರಾಂಗಳು ಮಾತ್ರ ಒಂದು ಫೋಲ್ಡರ್‌ನಲ್ಲಿರಲಿ. ಅಲ್ಲಿಂದ ಫ್ಲೋರ್ ಕಂಪ್ಯೂಟರ್‌ಗೆ ಆಗಾಗ ತಾನಾಗಿ ಇಳೀತಾ ಇರುತ್ತೆ, ವಾಪಸ್ ಮೇಲಕ್ಕೆ ಏನೂ ಹೋಗಲ್ಲ. ಡಬ್ಬದಲ್ಲಿ ತೆಗೆದುಹಾಕಿದ್ದು ಇಲ್ಲೂ ಅಳಿಸಿಹೋಗುತ್ತೆ. ಆಪರೇಟರ್ ಲಾಗಿನ್‌ಗೆ ಅದನ್ನ ಓದೋ ಹಕ್ಕು ಮಾತ್ರ. ಕಡೇ ಸಲ ಯಾವಾಗ ಇಳಿಯಿತು ಅನ್ನೋದನ್ನ ದೊಡ್ಡ ಅಕ್ಷರದಲ್ಲಿ ಪರದೆ ಮೇಲೆ ತೋರಿಸ್ತೀನಿ. ‘ಈ ಕಾಪಿ ಇವತ್ತು ಸಂಜೆ ಆರು ಹತ್ತರದ್ದು’ ಅಂತ ಕಂಡ್ರೆ ಹುಡುಗ ಧೈರ್ಯವಾಗಿ ಓಡಿಸಬಹುದು. ಮೊನ್ನೇದು ಅಂತ ಕಂಡ್ರೆ ಕೆಂಪು ಬಣ್ಣ ಬರುತ್ತೆ.

— ಇದು ಒಪ್ಪಿಗೆ. ಕಾಪಿ ಇರಲಿ, ತನ್ನ ವಯಸ್ಸು ತಾನೇ ಹೇಳಲಿ.

— ಆ ಡಿಎನ್‌ಸಿ ಹಳೇ ಕಂಪ್ಯೂಟರ್‌ಗೆ ಹೇಗೂ ಲಿನಕ್ಸ್ ಹಾಕೋಣ ಅಂತಿದ್ರಲ್ಲ, ಅಲ್ಲಿ ಜೋಡಣೆ ಹೇಗಿರುತ್ತೆ ಅಂತನೂ ಹೇಳ್ತೀನಿ. ಎಫ್‌ಎಸ್‌ಟ್ಯಾಬ್ ಅನ್ನೋ ಒಂದು ಸಾದಾ ಫೈಲ್. ಒಂದು ಸಾಲಿಗೆ ಒಂದು ಜೋಡಣೆ: ಯಾವ ಡಬ್ಬದ ಯಾವ ಫೋಲ್ಡರ್, ಅದು ಇಲ್ಲಿ ಎಲ್ಲಿ ಕಾಣಬೇಕು, ಯಾವ ಭಾಷೆಯಲ್ಲಿ ಮಾತಾಡಬೇಕು, ಆಮೇಲೆ ಷರತ್ತುಗಳು. ಷರತ್ತು ಬರೀದೇ ಇದ್ರೆ ಅದೂ ಸ್ವಲ್ಪ ಹೊತ್ತು ಪ್ರಯತ್ನಿಸಿ ಬಿಟ್ಟುಬಿಡುತ್ತೆ. ಎನ್‌ಎಫ್‌ಎಸ್‌ನಲ್ಲಿ ಹಿನ್ನೆಲೆಯಲ್ಲಿ ಕೇಳ್ತಾನೇ ಇರು ಅನ್ನೋದಕ್ಕೆ ‘ಬಿಜಿ’ ಅಂತ ಬರೀತಾರೆ. ಆಗ 10,000 ನಿಮಿಷ ಕೇಳುತ್ತೆ. ಒಂದು ವಾರಕ್ಕೆ 80 ನಿಮಿಷ ಕಡಿಮೆ.

— ವಾರಗಟ್ಟಲೆ ಕಾಯೋದು ಒಳ್ಳೇದೇ.

— ಆ ವಾರ ಪೂರ್ತಿ ಖಾಲಿ ಫೋಲ್ಡರ್ ಬಾಯಿ ತೆರ್ಕೊಂಡು ಇರುತ್ತಲ್ಲ ಮಾವ. ಅದಕ್ಕೆ ನಾನು ಆಟೋಮೌಂಟ್ ಹಾಕ್ತೀನಿ. ಕಂಪ್ಯೂಟರ್ ಶುರುವಾದಾಗ ಅದು ಡಬ್ಬವನ್ನ ಕೇಳೋಕೇ ಹೋಗಲ್ಲ, ಫೋಲ್ಡರ್ ಬಾಗಿಲಲ್ಲಿ ಕಾವಲು ಮಾತ್ರ ಇಡುತ್ತೆ. ಯಾರಾದ್ರೂ ಆ ಫೋಲ್ಡರ್ ತೆಗೆಯೋಕೆ ಹೋದ ಕ್ಷಣ ಅವರನ್ನ ಅಲ್ಲೇ ತಡೆದು, ಡಬ್ಬಕ್ಕೆ ಜೋಡಿಸಿ, ಆಮೇಲೆ ಒಳಗೆ ಬಿಡುತ್ತೆ. ಡಬ್ಬ ಸಿಗಲಿಲ್ಲ ಅಂದ್ರೆ ‘ಇಲ್ಲ’ ಅಂತ ಎರರ್ ಬರುತ್ತೆ, ಖಾಲಿ ಫೋಲ್ಡರ್ ಕೈಗೆ ಸಿಗೋದೇ ಇಲ್ಲ. ಐದು ನಿಮಿಷ ಬಿಟ್ಟು ಮತ್ತೆ ತೆಗೆದರೆ ಮತ್ತೆ ಪ್ರಯತ್ನಿಸುತ್ತೆ. ಅದರ ಮೇಲೆ, ಅಡಿಯಲ್ಲಿರೋ ಖಾಲಿ ಫೋಲ್ಡರ್‌ಗೆ ರೂಟ್ ಅನ್ನೋ ಅಡ್ಮಿನ್ ಕೂಡ ಬರೆಯೋಕಾಗದ ಹಾಗೆ ಬೀಗ ಹಾಕ್ತೀನಿ. ಶುರುವಿನಲ್ಲೇ ಜೋಡಿಸಿ ಅಂತ ನೀವು ಕೇಳಿದ್ರಿ, ಬೇಕಾದಾಗ ಜೋಡಿಸೋದು ಅದಕ್ಕಿಂತ ಗಟ್ಟಿ ಅನ್ನೋದು ನನ್ನ ಅಭಿಪ್ರಾಯ. ಕರೆಂಟ್ ಬಂದಾಗ ಯಾರು ಮೊದಲು ಎದ್ದರು, ಯಾರು ಆಮೇಲೆ ಎದ್ದರು ಅನ್ನೋ ಪ್ರಶ್ನೆಯೇ ಆಗ ಮುಕ್ಕಾಲು ಭಾಗ ಬಿದ್ದುಹೋಗುತ್ತೆ.

— ಪಾಸ್‌ವರ್ಡ್? ತಾನಾಗಿ ಜೋಡಿಸಬೇಕು ಅಂದ್ರೆ ಅದನ್ನ ಕಂಪ್ಯೂಟರ್ ಒಳಗೇ ಬರೆದಿಡಬೇಕಲ್ಲ. ಫ್ಲೋರ್ ಕಂಪ್ಯೂಟರ್ ಮುಂದೆ ಹತ್ತು ಜನ ಕೂರ್ತಾರೆ.

— ಬರೆದಿಡಬೇಕು, ಬೇರೆ ದಾರಿ ಇಲ್ಲ. ಲಿನಕ್ಸ್‌ನಲ್ಲಿ ಎಫ್‌ಎಸ್‌ಟ್ಯಾಬ್ ಯಾರು ಬೇಕಾದ್ರೂ ಓದಬಹುದು, ಅದಕ್ಕೆ ಪಾಸ್‌ವರ್ಡ್ ಅಲ್ಲಿ ಹಾಕದೆ ರೂಟ್ ಮಾತ್ರ ಓದೋ ಬೇರೆ ಫೈಲ್‌ನಲ್ಲಿ ಇಡ್ತೀವಿ. ಅದಕ್ಕಿಂತ ಮುಖ್ಯ, ಯಾರ ಪಾಸ್‌ವರ್ಡ್ ಅನ್ನೋದು. ಈಗ ನಾಲ್ಕೂ ಕಂಪ್ಯೂಟರ್‌ನಲ್ಲಿ ನಿಮ್ಮ ಅಡ್ಮಿನ್ ಪಾಸ್‌ವರ್ಡೇ ಇದೆ. ಒಂದು ಕಂಪ್ಯೂಟರ್‌ಗೆ ರ‍್ಯಾನ್ಸಮ್‌ವೇರ್ ಬಂದ್ರೆ, ಸದಾ ಜೋಡಿಸಿಟ್ಟ ಝಡ್ ಡ್ರೈವ್ ಮೂಲಕ ಅದು ಡಬ್ಬದಲ್ಲಿರೋ ಅಷ್ಟನ್ನೂ ಬೀಗ ಹಾಕಿ ಕೂರಿಸುತ್ತೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಜಗತ್ತಿನ ತುಂಬ ಹರಡಿದ್ದೇ ಎಸ್‌ಎಂಬಿ ಅನ್ನೋ ಈ ಫೈಲ್ ಹಂಚಿಕೆಯ ಹಳೇ ಆವೃತ್ತಿಯ ಒಂದು ದೋಷದ ಮೂಲಕ. ಫ್ಲೋರ್ ಕಂಪ್ಯೂಟರ್‌ಗೆ ಅಂತಲೇ ಡಬ್ಬದಲ್ಲಿ ಬೇರೆ ಖಾತೆ ಮಾಡ್ತೀನಿ. ಅದಕ್ಕೆ ಪ್ರೋಗ್ರಾಂ ಫೋಲ್ಡರ್ ಓದೋದು ಬಿಟ್ಟು ಬೇರೇನೂ ಬರಲ್ಲ. ಆ ಪಾಸ್‌ವರ್ಡ್ ಯಾರ ಕೈಗೆ ಸಿಕ್ಕರೂ ಒಂದು ಸಾಲನ್ನೂ ಅಳಿಸೋಕಾಗಲ್ಲ. ಡಬ್ಬದಲ್ಲಿ ಸ್ನ್ಯಾಪ್‌ಶಾಟ್ ಆನ್ ಮಾಡಿ, ಹೊರಗಡೆ ಒಂದು ಬ್ಯಾಕಪ್ ಡಿಸ್ಕೂ ಇಡೋಣ.

— ಇನ್ಸ್‌ಪೆಕ್ಷನ್ ರೂಮಿನ ಹೊಸ ಕಂಪ್ಯೂಟರ್ ಇನ್ನೊಂದು ಕಥೆ. ಅದಕ್ಕೆ ಕರೆಂಟ್ ಹೋಗಲಿ ಬಿಡಲಿ, ಝಡ್ ಬರೋದೇ ಇಲ್ಲ.

— ಅದರಲ್ಲಿ ವಿಂಡೋಸ್ 11ರ 2024ರ ಆವೃತ್ತಿ ಇದೆ. ಪಾಸ್‌ವರ್ಡ್ ಇಲ್ಲದ ಗೆಸ್ಟ್ ಹಂಚಿಕೆಗೆ ಅದು ಒಪ್ಪಲ್ಲ, ಕಳಿಸೋ ಪ್ರತಿಯೊಂದಕ್ಕೂ ಸಹಿ ಬೇಕು ಅನ್ನುತ್ತೆ. ನೀವು ಇನ್ಸ್‌ಪೆಕ್ಷನ್ ಫೋಲ್ಡರ್‌ನ ಗೆಸ್ಟ್ ಅಂತ ಬಿಟ್ಟಿದ್ದೀರಿ. ಹಳೇ ರೂಢಿಗೆ ತಿರುಗಿಸೋ ಉಪಾಯ ಸಿಗುತ್ತೆ, ಪಕ್ಕದ ಶೆಡ್‌ನವರು ಯಾರಾದ್ರೂ ಹೇಳಿಯೂ ಕೊಡ್ತಾರೆ. ದಯವಿಟ್ಟು ಅದನ್ನ ಮಾಡಬೇಡಿ ಮಾವ. ಆ ಕಂಪ್ಯೂಟರ್‌ಗೂ ಒಂದು ಖಾತೆ ಕೊಟ್ಟರೆ ಮುಗೀತು.

— ಆಯ್ತು. ಇನ್ನೇನು?

— ಡಬ್ಬದ ಅಡ್ರೆಸ್. ಈಗ ಅದು ರೂಟರ್‌ನಿಂದ ತಗೊಳ್ತಾ ಇದೆ, ರೂಟರ್ ರೀಸ್ಟಾರ್ಟ್ ಆದ್ರೆ ಬೇರೆ ನಂಬರ್ ಬರಬಹುದು. ಅದನ್ನ ಖಾಯಂ ಮಾಡ್ತೀನಿ. ಆಮೇಲೆ ಡಬ್ಬ, ಸ್ವಿಚ್ ಎರಡನ್ನೂ ಕ್ಯಾಬಿನ್ ಯುಪಿಎಸ್‌ಗೆ ಹಾಕಿ. ಕಂಪ್ಯೂಟರ್‌ಗೆ ಯುಪಿಎಸ್ ಕೊಟ್ಟು ಡಬ್ಬವನ್ನ ಗೋಡೆ ಪಾಯಿಂಟ್‌ಗೆ ಸಿಕ್ಕಿಸಿದ್ದಾರೆ, ಉಲ್ಟಾ ಆಗಿದೆ. ಡಿಜಿ ಶುರುವಾಗೋ ಆ ಅರ್ಧ ನಿಮಿಷ ಡಬ್ಬ ಆರದೇ ಇದ್ರೆ ಅಲ್ಲಿಗೆ ಅರ್ಧ ಕಾಯಿಲೆ ವಾಸಿ. ಯುಪಿಎಸ್‌ನಿಂದ ಡಬ್ಬಕ್ಕೆ ಒಂದು ಯುಎಸ್‌ಬಿ ಕೇಬಲ್ ಎಳೆದರೆ, ಬ್ಯಾಟರಿ ಮುಗಿಯೋ ಮುಂಚೆ ಡಬ್ಬ ಫೈಲ್‌ಗಳನ್ನ ಮುಚ್ಚಿ ತಾನಾಗಿ ಮಲಗುತ್ತೆ. ಕರೆಂಟ್ ಬಂದ ಮೇಲೆ ತಾನಾಗಿ ಏಳು ಅಂತನೂ ಅದರಲ್ಲಿ ಒಂದು ಸೆಟ್ಟಿಂಗ್ ಇದೆ, ಅದು ಆಫ್ ಇತ್ತು. ಸೋಮವಾರ ಬೆಳಗ್ಗೆ ಯಾರೋ ಹೋಗಿ ಬಟನ್ ಒತ್ತೋವರೆಗೆ ಅದು ಎದ್ದೇ ಇರ್ತಿರಲಿಲ್ಲ.

— ಕ್ಯಾಬಿನ್ ಬೀಗ ತೆಗೆಯೋದು ನಾನು ಬಂದ ಮೇಲೆ, ಒಂಬತ್ತು ಗಂಟೆಗೆ. ಫಸ್ಟ್ ಶಿಫ್ಟ್ ಆರಕ್ಕೆ ಶುರು. ಮೂರು ಗಂಟೆ ಅವರು ಡಿ ಡ್ರೈವ್ ಮೇಲೇ ಓಡಿಸ್ತಿದ್ದರು ಅಂತಾಯ್ತು.

— ಭಾನುವಾರ ಮೆಷಿನ್ ನಿಂತಿರುವಾಗ ಬರ್ತೀನಿ. ಮೇನ್ ಆಫ್ ಮಾಡಿ, ಎಲ್ಲಾ ತಣ್ಣಗಾದ ಮೇಲೆ ಆನ್ ಮಾಡಿ, ಗಡಿಯಾರ ಹಿಡಿದು ನೋಡೋಣ. ಸ್ವಿಚ್ ಎಷ್ಟಕ್ಕೆ ಎದ್ದಿತು, ಡಬ್ಬ ಎಷ್ಟಕ್ಕೆ, ಕಂಪ್ಯೂಟರ್ ಎಷ್ಟಕ್ಕೆ. ಡಬ್ಬದ ಕೇಬಲ್ ಕಿತ್ತು ಇನ್ನೊಂದು ಸಲ. ಜೋಡಣೆ ಆಗೋದನ್ನ ಎಲ್ಲರೂ ಪರೀಕ್ಷೆ ಮಾಡ್ತಾರೆ. ಆಗದೇ ಇದ್ದಾಗ ಪರದೆ ಮೇಲೆ ಏನು ಬರುತ್ತೆ ಅನ್ನೋದು ನನಗೆ ಬೇಕು. ಆ ರಾತ್ರಿ ಶಿಫ್ಟಿನ ಹುಡುಗನೂ ಬರಲಿ. ಕೆಂಪು ಬಣ್ಣ ಬಂದಾಗ ಅವನಿಗೆ ಅರ್ಥವಾಗುತ್ತಾ ಅಂತ ಅವನನ್ನೇ ಕೇಳಬೇಕು.

— ಕೆಂಪು ಬಂದ್ರೆ ಅವನೇನು ಮಾಡಬೇಕು?

— ಅದನ್ನ ನೀವು ಹೇಳಬೇಕು ಮಾವ, ನನ್ನ ಕೆಲಸ ಅಲ್ಲಿಗೆ ಮುಗಿಯುತ್ತೆ. ಕಾಪಿ ಹಳೇದು ಅಂತ ಕಂಪ್ಯೂಟರ್ ಹೇಳ್ತಾ ಇದೆ, ರಾತ್ರಿ ಎರಡು ಗಂಟೆ, ಮೆಷಿನ್ ಖಾಲಿ ನಿಂತಿದೆ. ನಿಲ್ಲಿಸಿದ್ರೆ ಬೆಳಗ್ಗೆ ನೀವು ಬೈತೀರಿ ಅಂತ ಅವನಿಗೆ ಭಯ ಇದ್ರೆ, ನಾನು ಎಷ್ಟು ಕೆಂಪು ಹಾಕಿದ್ರೂ ಅವನು ಓಡಿಸೇ ಓಡಿಸ್ತಾನೆ.

— ನಿಲ್ಲಿಸಬಹುದು ಅಂತ ಬರೆದುಕೊಡ್ತೀನಿ. ಕನ್ನಡದಲ್ಲಿ, ನನ್ನ ಸಹಿ ಹಾಕಿ, ಮೆಷಿನ್ ಪಕ್ಕದ ಬೋರ್ಡ್‌ನಲ್ಲಿ ಅಂಟಿಸ್ತೀನಿ. ಕೆಂಪು ಕಂಡ್ರೆ ಹೊಸ ಸೆಟ್ಟಿಂಗ್ ಹಾಕಬೇಡ, ಮೆಷಿನ್ ಮೆಮೊರೀಲಿ ಇರೋ ಜಾಬ್ ಸಂಜೆ ಇನ್ಸ್‌ಪೆಕ್ಷನ್ ಪಾಸಾಗಿದ್ರೆ ಅದನ್ನೇ ಮುಂದುವರಿಸು, ಇಲ್ಲಾಂದ್ರೆ ನನಗೆ ಫೋನ್ ಮಾಡು, ಎಷ್ಟೊತ್ತಾದ್ರೂ ಸರಿ. ಹಳೇ ಎಫ್7 ಗೇಜನ್ನೂ ಡ್ರಾಯರ್‌ನಿಂದ ತೆಗೆಸ್ತೀನಿ. ಡಿ ಡ್ರೈವ್ ಈಗಲೇ ಅಳಿಸ್ತೀಯಾ?

— ಈಗಲೇ ಬೇಡ. ಮೊದಲು ಆ ಆರು ಫೋಲ್ಡರ್‌ನಲ್ಲಿ ಡಬ್ಬದಲ್ಲಿ ಇಲ್ಲದೇ ಇರೋದು ಏನಾದ್ರೂ ಇದೆಯಾ ಅಂತ ನಿಮ್ಮ ಪ್ರೋಗ್ರಾಮರ್ ಜೊತೆ ಕೂತು ಹೋಲಿಸಬೇಕು. ರಾತ್ರಿ ಹೊತ್ತು ಯಾವನೋ ಫೀಡ್ ತಿದ್ದಿ ಒಳ್ಳೇ ಫಿನಿಶ್ ತಂದಿದ್ದು ‘ನೈಟ್ ಶಿಫ್ಟ್’ ಫೋಲ್ಡರ್‌ನಲ್ಲಿ ಮಾತ್ರ ಉಳಿದಿರಬಹುದು.